ಓದಿಗೆ ಮರಳಿದ ಬೌಲರ್

"ಆಟ ಹೊಟ್ಟೆ ತುಂಬಿಸುತ್ತದೆಯೆ?" ಎಂಬ ಪ್ರಶ್ನೆ ಸೊರಬದ ಕಡೆಯ ಯಾವ ಮನೆಗೂ ಹೊಸದಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಮೂರು ಕೋಲು ನೆಟ್ಟು ಚೆಂಡೆಸೆಯುವ ಹುಡುಗನು ಹಿರಿಯರಿಂದ ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾನೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿರುವ ನನ್ನಂಥವರಿಗೆ ಅದು ಬರಿಯ ಗದರಿಕೆಯಲ್ಲ. ನಮ್ಮನ್ನೇ ನೆಚ್ಚಿಕೊಂಡ ಸಂಸಾರದ ಆತಂಕವೂ ಹೌದು. ಈ ಪ್ರಶ್ನೆಯನ್ನು ನಮ್ಮ ನಾಡಿನ ಒಬ್ಬ ಕಾಲೇಜು ಬೌಲರು ಹೇಗೆ ಎದುರಿಸಿದರೆಂಬುದನ್ನು ನೋಡುವುದು ಉಚಿತ.

ಎರಪಳ್ಳಿ ಅನಂತರಾವ್ ಶ್ರೀನಿವಾಸ ಪ್ರಸನ್ನ ಅವರು 1940ರ ಮೇ 22ರಂದು ಬೆಂಗಳೂರಿನಲ್ಲಿ ಜನಿಸಿದರು. ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1962ರ ಜನವರಿಯಲ್ಲಿ, ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಟೆಸ್ಟ್ ಆಡಿದರು. ಆಗ ಅವರ ವಯಸ್ಸು 21. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಆಯ್ಕೆಯಾದರು. ಓದು ಕೆಡುವುದೆಂದು ತಂದೆಯವರಿಗೆ ಮನಸ್ಸಿರಲಿಲ್ಲ. ಹಿಂದಿರುಗಿ ಪದವಿ ಮುಗಿಸಬೇಕೆಂಬ ಷರತ್ತಿನ ಮೇಲೆ ಒಪ್ಪಿಗೆ ದೊರೆಯಿತು.

ಪ್ರಸನ್ನರು ಮಾತಿನಂತೆ ನಡೆದರು. ಅದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಅವರ ಮುಂದಿನ ಟೆಸ್ಟ್ ಬಂದದ್ದು 1967ರ ಜನವರಿಯಲ್ಲಿ. ನಡುವೆ ಐದು ವರ್ಷ. ಅಷ್ಟರಲ್ಲಿ ಮತ್ತೊಬ್ಬ ಆಫ್ ಸ್ಪಿನ್ನರ್, ಮದರಾಸಿನ ವೆಂಕಟರಾಘವನ್, 1965ರಲ್ಲಿ ತಂಡ ಸೇರಿ ಹೆಸರು ಗಳಿಸಿದ್ದರು. ಬಿಟ್ಟ ಸ್ಥಾನ ಯಾರಿಗಾಗಿಯೂ ಖಾಲಿಯಾಗಿ ಕಾಯುವುದಿಲ್ಲವಷ್ಟೆ.

ಆದರೂ ಅವರ ವಿದ್ಯೆ ಮಾಸಲಿಲ್ಲ. ಬಲಗೈ ಬೌಲರು ಬೆರಳುಗಳಿಂದ ತಿರುವು ಕೊಟ್ಟು, ನೆಲಕ್ಕೆ ಬಿದ್ದ ಚೆಂಡನ್ನು ಬಲಗೈ ದಾಂಡಿಗನ ಆಫ್ ಬದಿಯಿಂದ ಲೆಗ್ ಬದಿಗೆ ಹೊರಳಿಸುವುದೇ ಆಫ್ ಸ್ಪಿನ್. ಪ್ರಸನ್ನರ ನಿಜವಾದ ಬಲ ಮಾತ್ರ ಚೆಂಡು ನೆಲ ಮುಟ್ಟುವ ಮೊದಲೇ, ಗಾಳಿಯಲ್ಲಿ ಕಾಣುತ್ತಿತ್ತು. ದಾಂಡಿಗನ ಕಣ್ಣಿಗಿಂತ ಮೇಲೇರುವಂತೆ ಅವರು ಚೆಂಡನ್ನು ತೇಲಿಬಿಡುತ್ತಿದ್ದರು. ಮುಂದಕ್ಕೆ ಉರುಳುವಂತೆ ಸುತ್ತುವ ಚೆಂಡನ್ನು ಗಾಳಿಯು ಕೆಳಕ್ಕೆ ಒತ್ತುತ್ತದೆ. ಆದ್ದರಿಂದ ಅದು ಎಣಿಸಿದ್ದಕ್ಕಿಂತ ಮೊದಲೇ ಇಳಿದುಬಿಡುತ್ತದೆ. ಹೊಡೆಯಲು ಮುನ್ನುಗ್ಗಿದವನು ಚೆಂಡಿನ ಬುಡವನ್ನು ಮುಟ್ಟಲಾರ. ಹಿಂದೆ ಸರಿಯಲು ಅವನಿಗೆ ಹೊತ್ತೂ ಇರುವುದಿಲ್ಲ.

ಈ ಕಲೆಯ ಫಲವನ್ನು ಅಂಕಿಗಳೇ ಹೇಳುತ್ತವೆ. 1967-68ರಲ್ಲಿ ಆಸ್ಟ್ರೇಲಿಯದಲ್ಲಿ 25, ನ್ಯೂಜಿಲೆಂಡಿನಲ್ಲಿ 24 ವಿಕೆಟ್‌ಗಳನ್ನು ಅವರು ಪಡೆದರು. ಭಾರತವು ಪರದೇಶದಲ್ಲಿ ಮೊಟ್ಟಮೊದಲು ಟೆಸ್ಟ್ ಸರಣಿ ಗೆದ್ದದ್ದು ಆ ನ್ಯೂಜಿಲೆಂಡ್ ಪ್ರವಾಸದಲ್ಲಿಯೇ. ಕೇವಲ 20 ಟೆಸ್ಟ್‌ಗಳಲ್ಲಿ ನೂರು ವಿಕೆಟ್ ಪೂರೈಸಿದ ಅವರ ಭಾರತೀಯ ದಾಖಲೆಯನ್ನು ಅಶ್ವಿನ್ ಮುರಿದದ್ದು 2013ರಲ್ಲಿ. ರಣಜಿ ಟ್ರೋಫಿಯನ್ನು ಸತತ ಹದಿನೈದು ಬಾರಿ ಗೆದ್ದಿದ್ದ ಬೊಂಬಾಯಿಯನ್ನು 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ತಡೆದ ಕರ್ನಾಟಕದ ನಾಯಕರೂ ಅವರೇ. ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥರೂ ಆ ತಂಡದಲ್ಲಿದ್ದರು. 1978ರಲ್ಲಿ ಟೆಸ್ಟ್ ಜೀವನ ಮುಗಿಸುವಾಗ ಪ್ರಸನ್ನರ ಗಳಿಕೆ 49 ಪಂದ್ಯಗಳಲ್ಲಿ 189 ವಿಕೆಟ್.

ಆ ಐದು ವರ್ಷ ಆಡಿದ್ದರೆ ಇನ್ನೆಷ್ಟು ವಿಕೆಟ್ ಬರುತ್ತಿದ್ದವೋ ಎಂದು ಕೇಳುವುದು ಸುಲಭ. ಆದರೆ ಬೆರಳಿಗೆ ಗಾಯವಾದರೆ ಸ್ಪಿನ್ನರನ ಆಟ ನಿಂತೀತು. ಕಲಿತ ವಿದ್ಯೆ ನಿಲ್ಲದು. ಮುಂದೆ ಇದೇ ಕನ್ನಡ ನಾಡಿನ ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ ಅವರೂ ಇಂಜಿನಿಯರಿಂಗ್ ಪದವೀಧರರಾಗಿಯೇ ಬೌಲಿಂಗ್‌ನಲ್ಲಿ ಕೀರ್ತಿ ಪಡೆದರು. ಹಾಗೆಂದು ಎಲ್ಲರಿಗೂ ಎರಡೂ ಕೈಗೂಡುವುದೆಂದು ಹೇಳಲಾಗದು. ಪಟ್ಟಣದ ಅಂಕಣ, ತರಬೇತಿ, ತಿಳಿದವರ ಮಾತು, ಇವೆಲ್ಲ ಸೊರಬದ ಹುಡುಗನಿಗೆ ದೂರ. ಅದಕ್ಕಾಗಿಯೇ ಆಟದ ಮೈದಾನವೂ ಗ್ರಂಥಭಂಡಾರದಷ್ಟೇ ಕಾಲೇಜಿನ ಹೊಣೆಯೆಂದು ನನಗೆ ತೋರುತ್ತದೆ. ಓದು ಆಟಗಳಲ್ಲಿ ಒಂದನ್ನು ಕೆಲವು ಕಾಲ ಬದಿಗಿಡಬೇಕಾದೀತು. ಮತ್ತೆ ಎತ್ತಿಕೊಳ್ಳುವ ಅವಕಾಶವಾದರೂ ಊರ ಹುಡುಗರಿಗೆ ಉಳಿದಿರಬೇಕು.