ದೊಡ್ಡ ಕಾರು: ಬುಕಿಂಗ್‌ಗೆ ಮುಂಚೆ ನಿಮ್ಮ ಮಾತೂ ಇರಲಿ

ದುಬಾರಿ ಸೆಡಾನ್ ಬುಕ್ ಮಾಡುವಾಗ ‘ಅದೆಲ್ಲ ಯಜಮಾನರ ಕೆಲಸ’ ಎಂದು ಸುಮ್ಮನಿರಬೇಡಿ. ಮೊದಲು ಓಡಾಟ ಲೆಕ್ಕ ಹಾಕಿ. ವಿಜಯಪುರದೊಳಗೆ ಶಾಲೆ, ಮಾರ್ಕೆಟ್‌ಗಷ್ಟೇ ಆದರೆ ಪೆಟ್ರೋಲ್ ಸಾಕು. 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ಸುಟ್ಟುಹೋಗಲು ಆಗಾಗ ದೂರದ ಓಟ ಬೇಕು. ಇಲ್ಲದಿದ್ದರೆ ಕಟ್ಟಿಕೊಂಡು ಖರ್ಚು ತರುತ್ತದೆ. ದಿನಾ ತಿಕೋಟಾದ ದ್ರಾಕ್ಷಿ ತೋಟಕ್ಕೋ ಬಬಲೇಶ್ವರಕ್ಕೋ ಹೋಗಿಬರುವವರು ಡೀಸೆಲ್ ಯೋಚಿಸಬಹುದು.

ಇನ್ನು ಆಪ್ಷನ್‌ಗಳು. ನಮ್ಮ ಬಿಸಿಲಿಗೆ ಕಪ್ಪು ಲೆದರ್ ಸೀಟು ಕಾದ ಹಂಚೇ ಸರಿ! ಸನ್‌ರೂಫ್‌ಗಿಂತ ತಿಳಿಬಣ್ಣದ, ಗಾಳಿಯಾಡುವ ಸೀಟು ಲೇಸು. ಸ್ಟೆಪ್ನಿ ಕೊಡ್ತಾರಾ, ಕೇಳಿ. ಆಪ್ಷನ್ ಹೆಚ್ಚಿದಂತೆ ಕಾರಿನ ಬೆಲೆಯ ಜೊತೆಗೆ ಲೈಫ್‌ಟೈಮ್ ಟ್ಯಾಕ್ಸೂ ಏರುತ್ತದೆ. ಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡೇ ಶೋರೂಮಿಗೆ ಹೋಗಿ.