ಬುತ್ತಿ ಬಿಚ್ಚಿದಾಗ ಕಂಡದ್ದು: ತಂತ್ರಾಂಶ ಪ್ಯಾಕೇಜಿನ ಒಂದು ಪಾಠ

ಈ ಸಲದ ಬೋಧನಾಭ್ಯಾಸದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲೆಗಳ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ಅಫಜಲಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಒಂಬತ್ತನೇ ತರಗತಿಗೆ ಕನ್ನಡ ಟೈಪಿಂಗ್ ಕಲಿಸಬೇಕಿತ್ತು. ಕಂಪ್ಯೂಟರುಗಳಲ್ಲಿ ಡೆಬಿಯನ್ ಇತ್ತು, ಇಂಟರ್‌ನೆಟ್ ಇರಲಿಲ್ಲ. ಕಡತ ತೆರೆದರೆ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು. ಮುಂದಿನ ಬೆಂಚಿನ ಹುಡುಗಿ, 'ಇದಕ್ಕ ಕನ್ನಡ ಬರಂಗಿಲ್ರಿ' ಎಂದಳು. ಪಾಠ ಅಲ್ಲಿಗೇ ನಿಂತಿತು.

ತಪ್ಪು ನನ್ನದೇ. ಹಿಂದಿನ ದಿನ 'ಫಾಂಟ್ಸ್-ಕೆಎನ್‌ಡಿಎ' ಎಂಬ ಪ್ಯಾಕೇಜನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟವನು ನಾನು. ಹೆಸರು ನೋಡಿ ಕನ್ನಡ ಫಾಂಟುಗಳೆಲ್ಲ ಅದರೊಳಗಿವೆ ಎಂದುಕೊಂಡಿದ್ದೆ. ಅದರಲ್ಲಿ ಒಂದು ಫಾಂಟೂ ಇಲ್ಲ! ಅದು ಬರೀ ಚೀಟಿ: ಗುಬ್ಬಿ, ನವಿಲು, ಲೋಹಿತ್ ಕನ್ನಡ ಈ ಮೂರು ಪ್ಯಾಕೇಜುಗಳು ಬೇಕು ಎಂದಷ್ಟೇ ಹೇಳುತ್ತದೆ. ಇಂಟರ್‌ನೆಟ್ ಇದ್ದರೆ 'ಎಪಿಟಿ' ಎಂಬ ಸಾಧನ ಆ ಚೀಟಿ ಓದಿ ಉಳಿದವನ್ನು ತಾನೇ ತಂದುಕೊಳ್ಳುತ್ತದೆ. ಇಲ್ಲದಿದ್ದರೆ ಬೇಕಾದದ್ದು ಸಿಗಲಿಲ್ಲ ಎಂದು ಅನುಸ್ಥಾಪನೆ ಅರ್ಧಕ್ಕೇ ನಿಲ್ಲುತ್ತದೆ. ಇದನ್ನೇ ಅವಲಂಬನೆ ಎನ್ನುವುದು.

ಮುಂದಿನ ವಾರ ಜೇವರ್ಗಿಯ ಶಾಲೆಗೆ ನಾಲ್ಕೂ ಕಡತಗಳನ್ನು ಒಯ್ದೆವು. ಒಟ್ಟಿಗೇ ಕೊಟ್ಟಾಗ ಎಲ್ಲವೂ ಕೂತವು. ಆ ಪ್ರಶಿಕ್ಷಣಾರ್ಥಿ ಅಲ್ಲಿ ಬುತ್ತಿಯ ಉಪಮೆ ತಂದರು. ಹೊಲಕ್ಕೆ ಹೋಗುವವರಿಗೆ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಒಟ್ಟಿಗೆ ಕಟ್ಟಿಕೊಡುವ ಹಾಗೆ, ತಂತ್ರಾಂಶವನ್ನೂ ಯಾರೋ ಕಟ್ಟಿಕೊಡುತ್ತಾರೆ ಎಂದು. ಉಪಮೆ ಚೆನ್ನಾಗಿದೆ, ಆದರೆ ಬುತ್ತಿಯೊಳಗೆ ಇಲ್ಲದ ಕೆಲವು ಇಲ್ಲಿವೆ. ಪ್ಯಾಕೇಜಿನ ಮೂಲದಲ್ಲಿ 'ಡೆಬಿಯನ್' ಎಂಬ ಒಂದು ಕಡತಕೋಶವಿರುತ್ತದೆ. ಅದರ 'ಕಂಟ್ರೋಲ್' ಕಡತದಲ್ಲಿ ಹೆಸರು, ನಿರ್ವಾಹಕರು, ಅವಲಂಬನೆಗಳು. 'ರೂಲ್ಸ್' ಕಡತದಲ್ಲಿ ಕಟ್ಟುವ ವಿಧಾನ. 'ಕಾಪಿರೈಟ್' ಕಡತದಲ್ಲಿ ಪರವಾನಗಿ. ಹೊಸ ಪ್ಯಾಕೇಜು ಸೇರುವ ಮೊದಲು ಈ ಪರವಾನಗಿಯನ್ನು ಬೇರೆಯವರು ಪರಿಶೀಲಿಸುತ್ತಾರೆ. ನಾವು ಪೆನ್‌ಡ್ರೈವಿನಲ್ಲಿ ಶಾಲೆಯಿಂದ ಶಾಲೆಗೆ ನಿರ್ಭಯವಾಗಿ ಒಯ್ಯಬಹುದಾದದ್ದು ಅದರಿಂದಲೇ. ಇನ್ನು 'ಚೇಂಜ್‌ಲಾಗ್': ಏನು ಬದಲಾಯಿತು, ಯಾರು ಬದಲಿಸಿದರು, ಯಾವ ದಿನ. ಆವೃತ್ತಿ 1.3-2 ಎಂದಿದ್ದರೆ, 1.3 ಮೂಲ ಕರ್ತೃವಿನದು, 2 ಎಂದರೆ ಡೆಬಿಯನ್‌ಗಾಗಿ ಎರಡನೇ ಸಲ ಕಟ್ಟಿದ್ದು. ಫಾಂಟ್ ರೂಪಿಸುವವರು ಒಬ್ಬರು, ಕಟ್ಟುವವರು ಇನ್ನೊಬ್ಬರು ಆಗಿರಬಹುದು ಎಂಬುದನ್ನು ಮಕ್ಕಳು ಈ ಅಡ್ಡಗೆರೆಯಿಂದಲೇ ಗುರುತಿಸಿದರು.

ಆಳಂದದಲ್ಲಿ ಇದೇ ಪಾಠ ನಡೆದಾಗ ಒಬ್ಬ ಹುಡುಗ ಎದ್ದು ನಿಂತ: 'ಸರ್, ಬುತ್ತಿ ಕಟ್ಟೋರು ಬಿಟ್ಟುಬಿಟ್ರ ಏನ್ ಮಾಡಬೇಕ್ರಿ?' ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ವೀಕ್ಷಕ ನಡುವೆ ಬಾಯಿ ಹಾಕಬಾರದು ಎಂಬ ನಿಯಮ ಮುರಿದು ನಾನೇ ಹೇಳಿದೆ.

ಅಕ್ಷರ ಬದಲಾಗದಿದ್ದರೂ ಪ್ಯಾಕೇಜಿಗೆ ಆರೈಕೆ ಬೇಕು, ಏಕೆಂದರೆ ಸುತ್ತಲಿನ ವ್ಯವಸ್ಥೆ ಬದಲಾಗುತ್ತಲೇ ಇರುತ್ತದೆ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಪೈಥಾನ್ 2 ಇಲ್ಲ. ಅದನ್ನು ನಂಬಿಕೊಂಡಿದ್ದ ಪ್ಯಾಕೇಜುಗಳನ್ನು ಯಾರಾದರೂ ತಿದ್ದಬೇಕಾಗಿತ್ತು, ಇಲ್ಲವೇ ಅವು ಹೊರಗುಳಿಯಬೇಕಾಗಿತ್ತು. ತಿದ್ದಿದ್ದು ಮೊದಲು 'ಅನ್‌ಸ್ಟೇಬಲ್'ಗೆ, ಕೆಲವು ದಿನ ದೊಡ್ಡ ದೋಷ ಕಾಣದಿದ್ದರೆ 'ಟೆಸ್ಟಿಂಗ್'ಗೆ, ಸುಮಾರು ಎರಡು ವರ್ಷಕ್ಕೊಮ್ಮೆ 'ಸ್ಟೇಬಲ್'ಗೆ ಬರುತ್ತದೆ. ಶಾಲೆಗೆ ಬೇಕಾದ್ದು ಈ ಕೊನೆಯದು. ನಿರ್ವಾಹಕರಿಗೆ ಮುಂದುವರಿಸಲಾಗದಿದ್ದರೆ ಪ್ಯಾಕೇಜನ್ನು 'ಅನಾಥ' ಎಂದು ಘೋಷಿಸುತ್ತಾರೆ. ಅದು ಡೆಬಿಯನ್‌ನ ಅಧಿಕೃತ ಪದವೇ. ಬೇರೊಬ್ಬರು ಅದನ್ನು ದತ್ತು ತೆಗೆದುಕೊಳ್ಳಬಹುದು. ಅಲ್ಲಿಯವರೆಗೆ ಗುಣಮಟ್ಟ ನೋಡುವ ಗುಂಪು ಅಷ್ಟಿಷ್ಟು ಆರೈಕೆ ಮಾಡುತ್ತದೆ. ಯಾರೂ ಬರದೆ, ದೋಷಗಳೂ ಬೆಳೆದರೆ ತೆಗೆದುಹಾಕುವುದೂ ಉಂಟು.

'ಕನ್ನಡದ್ದೂ ತೆಗೀತಾರೇನ್ರಿ?' ಎಂದ ಹುಡುಗ. ತೆಗೆಯಬಹುದು ಎಂದೆ. ಸುಳ್ಳು ಹೇಳುವ ಹಾಗಿರಲಿಲ್ಲ. ಹಾಗಾದರೆ ಕಟ್ಟುವುದನ್ನು ಎಲ್ಲಿ ಕಲಿಯುವುದು ಎಂದು ಕೇಳಿದ. ಗಂಟೆ ಹೊಡೆಯಿತು. ಮರುದಿನದ ಪಾಠಕ್ಕೆ ಪ್ರಶಿಕ್ಷಣಾರ್ಥಿ ಗುಬ್ಬಿ ಪ್ಯಾಕೇಜಿನ ಮೂಲ ಕಡತಗಳನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡರು. ಈ ಸಲ ಅವಲಂಬನೆಗಳ ಪಟ್ಟಿಯನ್ನು ಇಬ್ಬರೂ ಕೂತು ಎರಡು ಸಲ ನೋಡಿದೆವು.