ಕಾಡಂಚಿನ ಹೊಲ ರೆಸಾರ್ಟ್ ಆದ ಬಗೆ

ಶನಿವಾರ ನಸುಕಿನಲ್ಲಿ ಯಲಹಂಕ, ಹೆಬ್ಬಾಳ ಬಿಟ್ಟ ಕಾರುಗಳು ಮಧ್ಯಾಹ್ನದ ಊಟದ ಹೊತ್ತಿಗೆ ಬಂಡೀಪುರದ ಅಂಚು ಸೇರುತ್ತವೆ. ಗುಂಡ್ಲುಪೇಟೆ ತಾಲ್ಲೂಕಿನ ಮಂಗಲ, ಮೇಲುಕಾಮನಹಳ್ಳಿ ಸುತ್ತಮುತ್ತ ರೆಸಾರ್ಟ್‌ಗಳು ನಿಂತಿರುವುದು ರೈತರು ಉತ್ತು ಬಿತ್ತುತ್ತಿದ್ದ ಪಟ್ಟಾ ಜಮೀನಿನಲ್ಲಿ. ಹೊಲ ಕೈಬದಲಾದ ಕಥೆ ನಾಲ್ಕು ದಶಕದ್ದು.

ಮೊದಲು ದಾರಿ ತೋರಿಸಿದ್ದು ಸರ್ಕಾರವೇ. 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಸಂಸ್ಥೆ, ಕಬಿನಿ ಹಿನ್ನೀರಿನ ಕಾರಾಪುರದಲ್ಲಿ ಮೈಸೂರು ಅರಸರ ಬೇಟೆ ಬಂಗಲೆಯನ್ನು ಪ್ರವಾಸಿಗರಿಗೆ ತೆರೆಯಿತು. ಕಾಡು ನೋಡಲು ಜನ ದುಡ್ಡು ಕೊಡುತ್ತಾರೆಂಬುದು ಖಾತ್ರಿಯಾಯಿತು. ಖಾಸಗಿ ಬಂಡವಾಳ ಅದರ ಬೆನ್ನಿಗೇ ಬಂತು.

ಮಾರುವವರಿಗೂ ಕಾರಣವಿತ್ತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಕಾಡು ಉಳಿಯಿತು, ಆದರೆ ಅದರ ಬೆಲೆ ತೆತ್ತವನು ಅಂಚಿನ ರೈತ. ಮಳೆ ನಂಬಿದ ಹೊಲ. ಅಟ್ಟಣೆಯ ಮೇಲೆ ರಾತ್ರಿಯಿಡೀ ಕಾವಲು ಕೂತರೂ ಬೆಳೆ ಆನೆ, ಹಂದಿಗಳ ಪಾಲು. ಪರಿಹಾರಕ್ಕೆ ಕಚೇರಿ ಅಲೆಯುತ್ತಿದ್ದವನ ಮನೆ ಬಾಗಿಲಿಗೆ ನಗರದ ಹಣ ಬಂದಾಗ ಅವನು ಬೇಡವೆನ್ನಬೇಕೆಂದು ಹೇಳುವ ಹಕ್ಕು ನಮಗಿಲ್ಲ.

ಕಾನೂನು ತಡವಾಗಿ ಬಂತು. ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾದದ್ದು 2012ರ ಅಕ್ಟೋಬರ್‌ನಲ್ಲಿ. ಅದು ಒಡೆತನವನ್ನು ಮುಟ್ಟುವುದಿಲ್ಲ, ಬಳಕೆಗೆ ಮಿತಿ ಹಾಕುತ್ತದೆ. ಬಂಡೀಪುರದಾಚೆ, ನೀಲಗಿರಿಯ ಸಿಗೂರು ಪ್ರಸ್ಥಭೂಮಿಯಲ್ಲಿ ಆನೆಗಳ ಹಾದಿಗೆ ರೆಸಾರ್ಟ್‌ಗಳು ಅಡ್ಡಬಂದಿದ್ದವು. ಆ ಹಾದಿಯನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ಬನ್ನೇರುಘಟ್ಟದ ಸೂಕ್ಷ್ಮ ವಲಯ, ಮೊದಲ ಕರಡಿನ 268.96 ಚದರ ಕಿ.ಮೀ.ನಿಂದ 168.84ಕ್ಕೆ ಕುಗ್ಗಿ ಅಂತಿಮವಾಯಿತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾಗಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿಯಾದದ್ದೂ ಆಗಲೇ.

ಅಂಚಿನ ಹೊಲ ಯಾರ ಪಾಲಾಗುತ್ತದೆಂಬ ಪ್ರಶ್ನೆ ಈಗ ಉತ್ತರ ಬೆಂಗಳೂರಿಗೇ ಬಂದಿದೆ. ಹೆಸರಘಟ್ಟದ ಹುಲ್ಲುಗಾವಲು ಪ್ರದೇಶದ 5,600ಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು 2024ರಲ್ಲಿ ಸಚಿವ ಸಂಪುಟ ಒಪ್ಪಿತು. ವನ್ಯಜೀವಿ ಕಾಯ್ದೆಯ ಪ್ರಕಾರ ಸಂರಕ್ಷಣಾ ಮೀಸಲೆಂದರೆ ಸರ್ಕಾರಿ ಜಮೀನು. ಪಕ್ಕದ ಖಾಸಗಿ ಹೊಲ, ತೋಟಗಳು ಅದರ ಹೊರಗೆ. ಹುಲ್ಲುಗಾವಲಿನ ಹಕ್ಕಿ, ನರಿಗಳ ಓಡಾಟ ಸರ್ವೆ ಕಲ್ಲಿಗೆ ನಿಲ್ಲುವುದಿಲ್ಲ.

ಬಂಡೀಪುರದ ಪಾಠ ಸ್ಪಷ್ಟವಾಗಿದೆ. ಕಟ್ಟಡ ಎದ್ದ ಮೇಲೆ ಗೆರೆ ಎಳೆದರೆ ಕೋರ್ಟಿನ ಅಲೆದಾಟವೇ ಗತಿ. ಭೂ ಪರಿವರ್ತನೆಯ ಅರ್ಜಿ ಬಂದಾಗಲೇ ವನ್ಯಜೀವಿಗಳ ಹಾದಿ ನೋಡಬೇಕು. ಬೆಳೆಹಾನಿಯ ಪರಿಹಾರ ಮುಂದಿನ ಬಿತ್ತನೆಗೆ ಮೊದಲೇ ರೈತನ ಕೈಸೇರಬೇಕು. ಹೊಲವನ್ನು ಹೊಲವಾಗಿಯೇ ಉಳಿಸಿದವನಿಗೆ ವರ್ಷವರ್ಷ ಹಣ ಸಿಗಬೇಕು. ಅಂಚಿನ ರೈತ ಬದುಕಬಲ್ಲನಾದರೆ ಮಾತ್ರ ಕಾಡಿಗೆ ಅಂಚು ಉಳಿಯುತ್ತದೆ.